ಹರವಿಯ ನೆರಳಿನ ಜರೀಗಿಡ

ಗಿಡ ಬೆಳೆಸುವವರಲ್ಲಿ ಎರಡು ಜಾತಿ. ತಮ್ಮ ನೆಲಕ್ಕೆ ಒಗ್ಗುವುದನ್ನು ಬೆಳೆಸಿ ತೃಪ್ತರಾಗುವವರದು ಒಂದು; ಒಗ್ಗದುದನ್ನೇ ಬೆಳೆಸಬೇಕೆಂದು ಹಟ ಹಿಡಿಯುವವರದು ಇನ್ನೊಂದು. ಮೊದಲನೆಯವರಿಗೆ ಹೂವು ಹಣ್ಣು ದೊರೆಯುತ್ತವೆ. ಎರಡನೆಯವರಿಗೆ ಅನುಭವ ದೊರೆಯುತ್ತದೆ. ನಾನು ಯಾವ ಜಾತಿಯವಳೆಂದು ಬೇರೆ ಹೇಳಬೇಕಾಗಿಲ್ಲ. ಹೂವಿನ ಹಡಗಲಿಯಂಥ ಊರಿಗೆ ಸೊಸೆಯಾಗಿ ಬಂದು, ಹೂವೇ ಬಿಡದ ಗಿಡವನ್ನು ಮೂವತ್ತು ವರ್ಷ ಸಾಕಿದವಳು ನಾನು.

ಆ ಗಿಡ ಜರೀಗಿಡ. ಇಂಗ್ಲಿಷು ಕಲಿತವರು ಫರ್ನ್ ಎನ್ನುತ್ತಾರೆ. ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಇದನ್ನು ಯಾರೂ ಬೆಳೆಸುವುದಿಲ್ಲ, ಅದೇ ಬೆಳೆಯುತ್ತದೆ. ರಸ್ತೆಯ ಪಕ್ಕದ ಧರೆಯಲ್ಲಿ, ಬಾವಿಯ ಕಲ್ಲಿನಲ್ಲಿ, ಅಡಿಕೆಯ ಮರದ ಬುಡದಲ್ಲಿ, ಮನೆಯ ಹೆಂಚಿನ ಸಂದಿಯಲ್ಲಿಯೂ ಅದರದೇ ರಾಜ್ಯ. ಎಲೆಯ ಹಿಂಬದಿಯಲ್ಲಿ ಬಿಳಿಯ ಹಿಟ್ಟು ಬಳಿದಂತಿರುವ ಒಂದು ಜಾತಿಯುಂಟು; ಅದನ್ನು ಕೈಮೇಲೆ ಒತ್ತಿ ಹಿಡಿದು ಬೆಳ್ಳಿಯ ಚಿತ್ತಾರ ಮೂಡಿಸಿಕೊಳ್ಳದೆ ಶಾಲೆ ಮುಟ್ಟಿದ ಮಲೆನಾಡಿನ ಹುಡುಗಿಯಿಲ್ಲ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ. ನಾನು ಮದುವೆಯಾಗಿ ಬಂದ ಸೀಮೆಯಲ್ಲಿ ಸುಮಾರು 600. ಹತ್ತು ಕೊಡ ಸುರಿಯುವ ಕಡೆಯಿಂದ ಒಂದು ಕೊಡವೂ ತುಂಬದ ಕಡೆಗೆ ನಾನು ಬಂದೆ; ನನ್ನ ಸಾಮಾನಿನ ಜೊತೆಗೆ ಎರಡು ಕುಂಡಗಳೂ ಬಂದವು. ಒಂದರಲ್ಲಿ ಕಪ್ಪು ಕಡ್ಡಿಯ ಮೇಲೆ ಕೊತ್ತಂಬರಿಯಂಥ ಎಲೆಗಳಿರುವ ನಾಜೂಕಿನ ಜರಿ. ಇನ್ನೊಂದರಲ್ಲಿ ಕತ್ತಿಯ ಅಲಗಿನಂತೆ ನೀಳವಾಗಿ ಏಳುವ ಒರಟು ಜರಿ.

ನಮ್ಮವರು ಪ್ರೌಢಶಾಲೆಯ ಉಪಾಧ್ಯಾಯರು. ವರ್ಗಾವಣೆಯೆಂಬುದು ಅವರ ಉದ್ಯೋಗದ ಪಂಚಾಂಗದಲ್ಲಿಯೇ ಬರೆದಿತ್ತು. ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೀಗೆ ಐದೂ ಊರುಗಳ ಬಾಡಿಗೆಯ ಮನೆಗಳನ್ನು ನಾವು ಕಂಡೆವು. ಊರುಗಳೂ ಸುಮ್ಮನಿರಲಿಲ್ಲವೆನ್ನಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಐದೂ ಒಂದೇ ಸೂರಿನಡಿ ಸೇರಿದವು. ಊರುಗಳ ಜಿಲ್ಲೆ ಬದಲಾಯಿತು, ನಮ್ಮ ಮನೆಯ ವಿಳಾಸ ಬದಲಾಯಿತು. ಬದಲಾಗದೆ ಉಳಿದದ್ದು ಕುಂಡಗಳನ್ನು ಲಾರಿಗೆ ಏರಿಸುವಾಗ ನಮ್ಮ ಅತ್ತೆಯವರು ಹೇಳುತ್ತಿದ್ದ ಮಾತು.

"ಹೂವಿಲ್ಲ, ಕಾಯಿಲ್ಲ, ಪಲ್ಯಕ್ಕೂ ಬರಂಗಿಲ್ಲ. ಇದಕ್ಯಾಕವ್ವ ನೀರು?"

ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ಸುಲಭ. ಕೊಡಗಿನಲ್ಲಿ ತೆರ್ಮೆ ಎಂಬ ಜರಿಯ ಎಳೆಯ ಸುರುಳಿಗಳನ್ನು ಪಲ್ಯ ಮಾಡಿ ಉಣ್ಣುತ್ತಾರೆಂದು ನಾನು ಒಮ್ಮೆ ವಾದಿಸಿಯೂ ನೋಡಿದೆ. "ಹಂಗಾದ್ರ ಅದನ್ನ ತರಬೇಕಿತ್ತಲ್ಲ" ಎಂದರು, ವಾದ ಮುಗಿಯಿತು. ಆದರೆ ಅವರ ಪ್ರಶ್ನೆಯ ಹಿಂದೆ ಒಂದು ಆಯುಷ್ಯವಿತ್ತು. ಹದಿಮೂರು ವರ್ಷದ ಹುಡುಗಿಯಾಗಿ ಆ ಮನೆಗೆ ಬಂದು, ಬೇಸಿಗೆಯ ನಡುರಾತ್ರಿಯಲ್ಲಿ ಎದ್ದು, ಬಾವಿಯ ತಳದಲ್ಲಿ ನೀರು ಒಸರುವುದನ್ನು ಕಾದು, ತಂಬಿಗೆ ತಂಬಿಗೆಯಾಗಿ ಕೊಡ ತುಂಬಿಸಿಕೊಂಡು ಬಂದವರು ಅವರು. ಅವರ ಲೆಕ್ಕದಲ್ಲಿ ನೀರಿಗೆ ಒಂದು ಬೆಲೆಯಿತ್ತು, ಅದು ನಡುವಿನ ನೋವಿನಲ್ಲಿ ಅಳೆದ ಬೆಲೆ. ಮಲೆನಾಡಿನಿಂದ ಬಂದ ನನಗೆ ಆ ಅಳತೆಗೋಲು ತಿಳಿಯಲು ಕಾಲ ಹಿಡಿಯಿತು.

ಅಷ್ಟರಲ್ಲಿ ನಮ್ಮವರು ಶಾಲೆಯ ಗ್ರಂಥಾಲಯದಿಂದ ತೋಟಗಾರಿಕೆಯ ಒಂದು ಇಂಗ್ಲಿಷ್ ಪುಸ್ತಕವನ್ನು ತಂದುಕೊಟ್ಟರು. ಅದರಲ್ಲಿ ಜರೀಗಿಡಗಳಿಗೆಂದೇ ಒಂದು ಅಧ್ಯಾಯವಿತ್ತು. ಆ ಅಧ್ಯಾಯದ ತುಂಬ ಚಳಿಯ ಭಯವಿತ್ತು. ಇಂಗ್ಲೆಂಡಿನ ನೈರುತ್ಯದ ಮೂಲೆಯಾದ ಕಾರ್ನ್‌ವಾಲಿನಲ್ಲಿ ಸಮುದ್ರದ ಕೃಪೆಯಿಂದ ಮಾಗಿಯು ಸೌಮ್ಯವಾಗಿರುತ್ತದೆಯಂತೆ. ಆಸ್ಟ್ರೇಲಿಯದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ತಂದ ಮರಜರಿಗಳು ಅಲ್ಲಿ ಬಯಲಿನಲ್ಲಿಯೇ ಬೆಳೆಯುತ್ತವೆ. ಆದರೂ ಹಿಮ ಬೀಳುವ ಕಾಲ ಬಂದಾಗ ತೋಟಗಾರರಿಗೆ ನಿದ್ರೆಯಿಲ್ಲ. ಸುಳಿಯೊಳಗೆ ಒಣಹುಲ್ಲು ತುರುಕುತ್ತಾರೆ, ಕಾಂಡಕ್ಕೆ ಗೋಣಿ ಸುತ್ತುತ್ತಾರೆ, ಕೂಸನ್ನು ಹೊದಿಸಿದಂತೆ ಹೊದಿಸಿ ವಸಂತಕ್ಕಾಗಿ ಕಾಯುತ್ತಾರೆ. ಪುಸ್ತಕವನ್ನು ಮುಚ್ಚಿ ಹೊರಗೆ ಬಂದರೆ ನಮ್ಮ ಹಿತ್ತಲಿನಲ್ಲಿ ಡಿಸೆಂಬರಿನ ಬೆಳಗು. ರಾತ್ರಿಯ ಚಳಿ ಎಂದರೆ 15 ಡಿಗ್ರಿಯ ಆಸುಪಾಸು. ನಮಗಿಂತ ತಂಪಾದ ಬೆಂಗಳೂರಿನಲ್ಲಿಯೇ ದಾಖಲೆಯಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಹಿಮವೆಂಬುದು ನಮ್ಮ ಸೀಮೆಗೆ ಪುಸ್ತಕದ ಪದಾರ್ಥ.

ಹಾಗಾದರೆ ಈ ಪುಸ್ತಕ ನಮಗೆ ನಿರುಪಯೋಗಿಯೆ? ಅಲ್ಲ, ಅದನ್ನು ತಿರುವಿ ಓದಬೇಕು. ಚಳಿ ಎಂದಲ್ಲಿ ಬಿಸಿಲು ಎಂದೂ, ಜನವರಿ ಎಂದಲ್ಲಿ ಏಪ್ರಿಲ್ ಎಂದೂ ಓದಿಕೊಂಡರೆ ಸಾಕು, ಮಿಕ್ಕದ್ದೆಲ್ಲ ಸರಿಹೋಗುತ್ತದೆ. ಅವರ ಜರಿ ಮಾಗಿಯಲ್ಲಿ ಹೊದ್ದು ಮಲಗುತ್ತದೆ; ನಮ್ಮದು ಚೈತ್ರ ವೈಶಾಖಗಳಲ್ಲಿ ಹೊದ್ದು ಮಲಗಬೇಕು. ನಮ್ಮ ಮಾಗಿ ಅದಕ್ಕೆ ಶತ್ರುವಲ್ಲ; ತವರಿನಿಂದ ಬಂದ ಅಣ್ಣನಿದ್ದಂತೆ. ಮಳೆಗಾಲದಿಂದ ಸಂಕ್ರಾಂತಿಯವರೆಗೆ ಅದು ನಿಶ್ಚಿಂತೆಯಿಂದ ಬೆಳೆಯುತ್ತದೆ. ರಥಸಪ್ತಮಿ ಕಳೆದು, ಕೊಟ್ಟೂರಿನಲ್ಲಿ ಗುರುಬಸವೇಶ್ವರಸ್ವಾಮಿಯ ತೇರು ಎಳೆಯುವ ಹೊತ್ತಿಗೆ ಗಾಳಿಯ ಗುಣ ಬದಲಾಗುತ್ತದೆ. ಅಂದಿನಿಂದ ಎಚ್ಚರ.

ಎಚ್ಚರ ಬಿಸಿಲಿಗಿಂತ ಹೆಚ್ಚಾಗಿ ಗಾಳಿಯ ವಿಷಯದಲ್ಲಿ. ಬಿಸಿಲನ್ನು ಒಂದು ಚಪ್ಪರ ತಡೆದೀತು. ಆದರೆ 40 ಡಿಗ್ರಿಯಲ್ಲಿ ಕಾದ ಕರಿಮಣ್ಣಿನ ಬಯಲಿನ ಮೇಲೆ ಹಾದು ಬರುವ ಒಣಗಾಳಿ ನೆರಳನ್ನು ಕೇಳಿ ಬರುವುದಿಲ್ಲ. ಜರಿಯ ಎಲೆ ತೆಳು. ಒಳಗಿನ ನೀರನ್ನು ಬಿಗಿಹಿಡಿದುಕೊಳ್ಳುವ ಜಾಣತನ ಅದಕ್ಕೆ ಕಡಿಮೆ. ಒಂದೇ ಮಧ್ಯಾಹ್ನದಲ್ಲಿ ಅಂಚು ಕಂದಿ, ಸಂಜೆಗೆ ಕಾಗದದಂತೆ ಸುರುಟುತ್ತದೆ. ಇನ್ನು ಅದರ ಸಂತಾನದ ರೀತಿಯೂ ನೀರನ್ನೇ ನಂಬಿದ್ದು. ಹೂವಿಲ್ಲದ ಈ ಗಿಡ ಎಲೆಯ ಬೆನ್ನಿನಿಂದ ಧೂಳಿನಂಥ ಬೀಜಕಣಗಳನ್ನು ಉದುರಿಸುತ್ತದೆ. ಆ ಕಣ ಮೊಳೆತು ಮೊದಲು ಉಗುರಿನಷ್ಟು ಅಗಲದ ಒಂದು ಹಸಿರು ಹಾಳೆಯಾಗುತ್ತದೆ. ಆ ಹಾಳೆಯ ಮೇಲೆ ಗಂಡು ಕಣ ಹೆಣ್ಣಿನೆಡೆಗೆ ಈಜಿಯೇ ಹೋಗಬೇಕು. ಈಜಲು ಒಂದು ತೆಳುವಾದ ನೀರಿನ ಪೊರೆಯಾದರೂ ಬೇಕು. ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ಈ ಎರಡು ತಲೆಮಾರಿನ ಬಾಳನ್ನು ವಿವರಿಸಿ ತೋರಿಸಿದ. ನೀರು ಅದಕ್ಕೆ ಆಹಾರ ಮಾತ್ರವಲ್ಲ, ದಾರಿಯೂ ಹೌದು.

ಇಂಥ ಗಿಡಕ್ಕೆ ನಮ್ಮ ಸೀಮೆಯಲ್ಲಿ ನೆಲೆಯೇ ಇಲ್ಲವೆಂದು ನಾನು ತಿಳಿದಿದ್ದೆ. ಐದು ಊರುಗಳ ವಾಸ ಬೇರೆಯೇ ಪಾಠ ಕಲಿಸಿತು. ಕೂಡ್ಲಿಗಿಯಲ್ಲಿದ್ದಾಗ ಒಮ್ಮೆ ಗುಡೇಕೋಟೆಗೆ ಹೋಗಿದ್ದೆವು. ಕರಡಿಗಳ ಧಾಮವೆಂದು ಹೆಸರಾದ ಆ ಗುಡ್ಡಗಳಲ್ಲಿ ಎತ್ತ ನೋಡಿದರೂ ಬಂಡೆಯ ಮೇಲೆ ಬಂಡೆ. ಎರಡು ಬಂಡೆಗಳ ನಡುವಿನ ಬಿರುಕಿನಲ್ಲಿ, ಬೆರಳುದ್ದದ ಕಡ್ಡಿಯ ತುದಿಯಲ್ಲಿ ಪುಟ್ಟ ಬೀಸಣಿಗೆ ಬಿಚ್ಚಿದಂತೆ ಒಂದು ಗಿಡ! ವೈದ್ಯಗ್ರಂಥಗಳಲ್ಲಿ ಮಯೂರಶಿಖೆ ಎಂದು ಹೆಸರಾದ ಜರಿ ಅದು. ಬೇಸಿಗೆಯಲ್ಲಿ ಮುದುಡಿ ಕಂದುಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿರುತ್ತದೆ. ಮಳೆ ತಾಕಿದೊಡನೆ ಅದೇ ಎಲೆ ಬಿಚ್ಚಿಕೊಂಡು ಹಸಿರಾಗುತ್ತದೆ. ಕೊಟ್ಟೂರಿನ ನಮ್ಮ ಬಾಡಿಗೆಯ ಮನೆಯ ಹಳೆಯ ಬಾವಿಯಲ್ಲಿ, ಗಾರೆ ಸುರಿದ ಕಲ್ಲುಗಳ ಸಂದಿನಿಂದ, ನನ್ನ ಕುಂಡದಲ್ಲಿದ್ದ ನಾಜೂಕಿನ ಜರಿಯ ಅಕ್ಕತಂಗಿಯರು ಜೋತಾಡುತ್ತಿದ್ದರು. ಸುಣ್ಣದ ಒಸರೆಂದರೆ ಆ ಜಾತಿಗೆ ಪ್ರಾಣ.

ಹರಪನಹಳ್ಳಿಯಲ್ಲಿ ನಮ್ಮ ಬೀದಿಯ ಹಳೆಯ ಸುಣ್ಣದ ಗೋಡೆಯೊಂದರ ಬುಡದಲ್ಲಿ, ಚರಂಡಿಯ ಅಂಚಿನಲ್ಲಿ, ಏಣಿಯ ಮೆಟ್ಟಿಲುಗಳಂತೆ ಎಲೆ ಜೋಡಿಸಿಕೊಂಡು ನಿಂತಿತ್ತು ಇನ್ನೊಂದು. ಯಾರೂ ನೀರೆರೆಯದ ಆ ಗಿಡದ ಮಹಿಮೆ ಸಣ್ಣದಲ್ಲ. ಮಣ್ಣಿನಲ್ಲಿರುವ ಶಂಖಪಾಷಾಣದ ವಿಷವನ್ನು ಅದು ಹೀರಿ ಎಲೆಗಳಲ್ಲಿ ಕೂಡಿಡುತ್ತದೆಂದು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಅಂದಿನಿಂದ ಕೆಟ್ಟ ನೆಲವನ್ನು ತೊಳೆಯಲು ಅದನ್ನು ಬಳಸುವ ಪ್ರಯತ್ನಗಳು ನಡೆದಿವೆ. ಹಗರಿಬೊಮ್ಮನಹಳ್ಳಿಯ ಬಳಿ ಅಂಕಸಮುದ್ರದ ಕೆರೆಗೆ ಹಕ್ಕಿ ನೋಡಲೆಂದು ಹೋದೆವು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೆ ಪರಿಚಯವಾದ ಕೆರೆ ಅದು. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಕೆಳಗೆ ನೋಡಿದೆ. ಅಂಚಿನ ಕೆಸರಿನಲ್ಲಿ ನಾಲ್ಕು ಎಸಳಿನ ಪುಟ್ಟ ಎಲೆಗಳು. ಅದೂ ಜರಿಯೇ. ಕೆರೆ ಬತ್ತಿದರೆ ಅದರ ಕಾಳಿನಂಥ ಗಟ್ಟಿ ಕೋಶಗಳು ಒಣಗಿದ ಮಣ್ಣಿನಲ್ಲಿ ಹತ್ತಾರು ವರ್ಷ ಜೀವ ಹಿಡಿದು ಕಾಯಬಲ್ಲವು. ಹಸುವಿನ ಮೇವಿಗೆಂದು ರೈತರು ಗುಂಡಿಗಳಲ್ಲಿ ಬೆಳೆಸುವ ಅಜೋಲ ಕೂಡ ನೀರಿನಲ್ಲಿ ತೇಲುವ ಒಂದು ಜರಿಯೆಂದು ನಾನು ಹೇಳಿದಾಗ ಮಾತ್ರ ಅತ್ತೆಯವರ ಮುಖ ತುಸು ಪ್ರಸನ್ನವಾಯಿತು. "ಅದು ಬ್ಯಾರೆ. ಅದು ದುಡಿದು ತಿಂತೈತಿ" ಎಂದರು.

ಇವೆಲ್ಲವನ್ನೂ ನೋಡಿದ ಮೇಲೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮ ನಾಡಿನ ಜರಿಗಳಲ್ಲಿ ಯಾವುದೂ ತನಗಾಗಿ ನೀರು ಬೇಡಿದ್ದಲ್ಲ. ಬಂಡೆ ಕಾಪಾಡಿದ ತೇವ, ಬಾವಿಯ ಉಸಿರು, ಚರಂಡಿಯ ಒಸರು: ಬೇರೆಯವರ ನೀರಿನ ಅಂಚಿನಲ್ಲಿ ಅವು ಬದುಕುತ್ತವೆ. ಆದುದರಿಂದ ನಮ್ಮ ಮನೆಯಲ್ಲಿ ಅಂಥ ಅಂಚು ಎಲ್ಲಿದೆಯೆಂದು ಹುಡುಕುವುದೇ ನನ್ನ ಕೆಲಸವಾಯಿತು.

ಹುಡುಕಿದಾಗ ತಿಳಿದದ್ದು, ನಮ್ಮ ಅತ್ತೆಯವರ ಸಂಸಾರದಲ್ಲಿ ವ್ಯರ್ಥವಾದ ನೀರೆಂಬುದೇ ಇಲ್ಲ! ಅಕ್ಕಿ ತೊಳೆದ ನೀರು, ತವರಿನಲ್ಲಿ ನಾವು ಅಕ್ಕಚ್ಚು ಎನ್ನುವುದು, ಇಲ್ಲಿ ಮುಸುರೆಯಾಗಿ ಹಸುವಿಗೆ ಸಲ್ಲುತ್ತದೆ. ಬಚ್ಚಲಿನ ನೀರು ಕರಿಬೇವಿಗೂ ಬಾಳೆಗೂ ಹರಿಯುತ್ತದೆ. ಪಾತ್ರೆ ಬೆಳಗಿದ ನೀರು ನುಗ್ಗೆಗೆ. ಸೊಪ್ಪು ತೊಳೆದದ್ದು ಮಲ್ಲಿಗೆಯ ಬಳ್ಳಿಗೆ. ಹಡಗಲಿಯಲ್ಲಿ ಮಲ್ಲಿಗೆಗೆ ನೀರು ತಪ್ಪಿಸುವ ಮಾತನ್ನು ಆಡುವ ಹಾಗಿಲ್ಲ. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತೆಂಬ ಪ್ರತೀತಿಯಿಂದಲೇ ಊರಿಗೆ ಆ ಹೆಸರು. ಇಂದು ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಒಟ್ಟಿನಲ್ಲಿ ಪ್ರತಿಯೊಂದು ತಂಬಿಗೆ ನೀರಿಗೂ ಒಬ್ಬ ಹಕ್ಕುದಾರನಿದ್ದ. ಹಕ್ಕುದಾರನಿಲ್ಲದ ನೀರು ಒಂದೇ ಒಂದು. ಹಿತ್ತಲಿನ ಬೇವಿನ ನೆರಳಿನಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಕುಡಿಯುವ ನೀರಿನ ಮಣ್ಣಿನ ಹರವಿಗಳು ಇದ್ದವು. ಅವು ಹಗಲೆಲ್ಲ ಬೆವರುತ್ತಿದ್ದವು. ಬೆವರಿನ ಹನಿ ಕಟ್ಟೆಯಿಂದ ಜಾರಿ ಮಣ್ಣಿನಲ್ಲಿ ಇಂಗುತ್ತಿತ್ತು.

ಜರಿಯ ಕುಂಡಗಳು ಆ ಕಟ್ಟೆಯ ಬುಡಕ್ಕೆ ಬಂದವು. ಯಾರೂ ಆಕ್ಷೇಪಿಸಲಿಲ್ಲ; ಆಕ್ಷೇಪಿಸಲು ಏನೂ ಇರಲಿಲ್ಲ. ಮಣ್ಣಿನ ಹರವಿ ತನ್ನ ಮೈಯಿಂದ ನೀರನ್ನು ಆವಿಯಾಗಿ ಬಿಡುತ್ತದೆ. ಆ ಆವಿ ಒಳಗಿನ ನೀರನ್ನು ತಣಿಸುವಂತೆ ಹೊರಗಿನ ಗಾಳಿಯನ್ನೂ ತಣಿಸಿ ತೇವಗೊಳಿಸುತ್ತದೆ. ಜರಿಗೆ ಬೇಕಾದದ್ದು ಅಷ್ಟೇ.

ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡನ ಕಥೆಯನ್ನು ಓದಿದವರಿಗೆ ಇದರ ಸ್ವಾರಸ್ಯ ತಿಳಿದೀತು. ಕಲ್ಲಿದ್ದಲಿನ ಹೊಗೆಯಲ್ಲಿ ಅವನ ಜರೀಗಿಡಗಳೆಲ್ಲ ಸಾಯುತ್ತಿದ್ದವು. 1829ರ ಸುಮಾರಿಗೆ ಒಂದು ಪತಂಗದ ಕೋಶವನ್ನು ಗಮನಿಸಲೆಂದು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದ್ದ. ಆ ಮಣ್ಣಿನಲ್ಲಿ ಜರಿಯೊಂದು ತಾನಾಗಿ ಮೊಳೆಯಿತು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಯೇ ಮುಂದೆ ಹಡಗನ್ನೇರಿ ಸಮುದ್ರಗಳನ್ನು ದಾಟಿತು. ಚೀನದ ಚಹಾಗಿಡಗಳು ಭಾರತಕ್ಕೆ ಬಂದದ್ದು ಅಂಥ ಪೆಟ್ಟಿಗೆಗಳಲ್ಲಿಯೇ. ನಮ್ಮ ಬಿಸಿಲಿನಲ್ಲಿ ಗಾಜಿನ ಪೆಟ್ಟಿಗೆ ಇಟ್ಟರೆ ಜರಿ ಬೆಂದು ಪಲ್ಯವಾದೀತು. ವಾರ್ಡನಿಗೆ ಗಾಜು ಮಾಡಿದ ಉಪಕಾರವನ್ನು ನಮಗೆ ಕುಂಬಾರನ ಮಣ್ಣು ಮಾಡುತ್ತದೆ.

ಬೆಳೆಸಬೇಕೆನ್ನುವ ಸೋದರಿಯರಿಗಾಗಿ ನಾಲ್ಕು ಮಾತು. ಜಾಗ ಮನೆಯ ಉತ್ತರದ ಗೋಡೆಯ ಪಕ್ಕದಲ್ಲಿರಲಿ. ಬೆಳಗಿನ ಎಳೆಬಿಸಿಲು ಸಾಕು. ಕುಂಡ ಮಣ್ಣಿನದೇ ಆಗಲಿ. ತಳಕ್ಕೆ ಇಟ್ಟಿಗೆಯ ಚೂರು. ಅದರ ಮೇಲೆ ಅರ್ಧ ಭಾಗ ಕೊಳೆತ ಎಲೆಗೊಬ್ಬರ, ಉಳಿದರ್ಧ ಕೆಂಪುಮಣ್ಣು ಮರಳು, ಒಂದು ಹಿಡಿ ಇದ್ದಿಲಿನ ಪುಡಿ. ಕರಿಮಣ್ಣು ಬೇಡ, ಒದ್ದೆಯಾದರೆ ಬೇರಿನ ಉಸಿರು ಕಟ್ಟುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಕೊಳವೆಬಾವಿಯ ಗಡಸು ನೀರನ್ನೇ ಸದಾ ಹಾಕಿದರೆ ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟುತ್ತದೆ; ಮಳೆಯ ನೀರನ್ನು ಹಿಡಿದಿಟ್ಟು ಆಗಾಗ ಕೊಟ್ಟರೆ ಲೇಸು. ಮಾಗಿಯಲ್ಲಿ ನೀರು ಮಿತವಾಗಿರಲಿ. ತೇರಿನ ನಂತರ ಕುಂಡಗಳನ್ನು ಒಂದಕ್ಕೊಂದು ಒತ್ತಿಸಿ, ಒದ್ದೆ ಮರಳಿನಲ್ಲಿ ಅರ್ಧ ಹೂತು, ಗಾಳಿ ಬರುವ ಕಡೆಗೆ ಒಂದು ಗೋಣಿಯನ್ನು ಕಟ್ಟಬೇಕು. ಮೊದಲ ಸಲಕ್ಕೆ ಒರಟು ಕತ್ತಿಜರಿಯನ್ನೇ ಆರಿಸಿಕೊಳ್ಳಿ; ಅದರ ಬೇರಿನಲ್ಲಿ ಕಡಲೆಯ ಗಾತ್ರದ, ಕೆಲವೊಮ್ಮೆ ಇನ್ನೂ ದಪ್ಪನೆಯ ಗೆಡ್ಡೆಗಳಲ್ಲಿ ನೀರಿನ ಉಳಿತಾಯವಿರುತ್ತದೆ. ಆಷಾಢದಲ್ಲಿ ಬುಡವನ್ನು ಸೀಳಿ ಬೇರೆ ಮಾಡಬಹುದು.

ಈ ವ್ಯವಸ್ಥೆಯಲ್ಲಿ ವರ್ಷಗಳು ಸುಖವಾಗಿ ಕಳೆದವು. ನಮ್ಮವರು ನಿವೃತ್ತರಾದರು, ಕುಂಡಗಳು ಎರಡರಿಂದ ಇಪ್ಪತ್ತಾದವು. ಆಮೇಲೆ 2023 ಬಂದಿತು. ಮುಂಗಾರು ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಗಾಳಿ ಉಗುಳಿದವು. ಬೀದಿಯ ತುದಿಗೆ ಟ್ಯಾಂಕರು ಬಂದರೆ ಬಣ್ಣಬಣ್ಣದ ಕೊಡಗಳ ಸಾಲು. ಆ ಸಾಲಿನಲ್ಲಿ ನಿಂತು ತಿರುಗಿ ನೋಡಿದರೆ ನಮ್ಮ ಗೇಟಿನ ಸಂದಿಯಿಂದ ಹಸಿರು ಕಾಣುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಆದರೂ ನನ್ನ ಹಿಂದೆ ಕಂಕುಳ ಕೂಸಿನೊಡನೆ ನಿಂತಿದ್ದವಳ ಖಾಲಿ ಕೊಡದ ಮುಂದೆ ನನ್ನ ಇಪ್ಪತ್ತು ಕುಂಡಗಳು ಬಹಳ ದೊಡ್ಡದಾಗಿ ಕಂಡವು. ಅತ್ತೆಯವರು ಮೂವತ್ತು ವರ್ಷದ ಹಿಂದೆ ಕೇಳಿದ ಪ್ರಶ್ನೆಯನ್ನು ಈಗ ನಾನೇ ಕೇಳಿಕೊಂಡೆ.

ಮನೆಗೆ ಬಂದು, ಕತ್ತರಿ ಹಿಡಿದು, ಕುಂಡಗಳ ಎಲೆಗಳನ್ನೆಲ್ಲ ಬುಡದವರೆಗೆ ಕತ್ತರಿಸಿದೆ. ಎಲೆಯಿಲ್ಲದ ಗಿಡಕ್ಕೆ ಬಾಯಾರಿಕೆ ಕಡಿಮೆ. ಕತ್ತರಿಸಿದ ಎಲೆಯನ್ನೇ ಮಣ್ಣಿನ ಮೇಲೆ ಹೊದಿಸಿ, ಮೇಲೊಂದು ಗೋಣಿ ಮುಚ್ಚಿದೆ. ಕಾರ್ನ್‌ವಾಲಿನವರು ಹಿಮಕ್ಕೆ ಮಾಡುವ ಹೊದಿಕೆಯನ್ನು ನಾನು ಬೆಂಕಿಯಂಥ ಗಾಳಿಗೆ ಮಾಡಿದೆ. ಕತ್ತಿಜರಿಯ ಗೆಡ್ಡೆಗಳ ಮೇಲೆ ನನಗೆ ನಂಬಿಕೆಯಿತ್ತು. ನಾಜೂಕಿನ ಜರಿಯ ಮೇಲೆ ಇರಲಿಲ್ಲ. ಅದು ತವರಿನಿಂದ ಬಂದ ಮೊದಲ ಕುಂಡ. ಕತ್ತರಿಸಲು ಕೈ ಬಾರದೆ ಅದೊಂದನ್ನು ಹಾಗೆಯೇ ಬಿಟ್ಟು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಎಂಬತ್ತು ದಾಟಿದ ಅತ್ತೆಯವರು ಬೀದಿಯ ಬಾಗಿಲಿನ ಹೊರಗೆ ಕುಳಿತಿದ್ದರು. ನಮ್ಮ ಮನೆಯ ಅತಿ ದೊಡ್ಡ ಹರವಿಯನ್ನು ಮಗನಿಂದ ಹೊರಿಸಿ ಜಗಲಿಯ ಪಕ್ಕದಲ್ಲಿ ಇಡಿಸಿದ್ದರು. ಮೇಲೊಂದು ತಟ್ಟೆ, ಒಂದು ತಂಬಿಗೆ, ನೆರಳಿಗೆ ತೆಂಗಿನ ಗರಿ. ದಾರಿಹೋಕರಿಗೆ ಅರವಟ್ಟಿಗೆ. ಟ್ಯಾಂಕರಿನಿಂದ ನಮ್ಮ ಪಾಲಿಗೆ ಬಂದ ನೀರಿನಲ್ಲಿ ಮೊದಲ ಎರಡು ಕೊಡ ಅದಕ್ಕೆಂದು ಅವರ ಕಟ್ಟಪ್ಪಣೆ. ಹರವಿಯ ಬುಡದಲ್ಲಿ, ಗೋಡೆಯ ಕಡೆಗೆ, ನಾಜೂಕಿನ ಜರಿಯ ಕುಂಡ.

"ಜನ ಕುಡಿಯೂ ಮುಂದ ಚೆಲ್ಲೂ ಹನಿ ಅದಕ್ಕ ಸಾಕು" ಎಂದರು, ನನ್ನ ಮುಖ ನೋಡದೆ. "ಹೆಚ್ಚಿಗಿ ನೀ ಹಾಕಬ್ಯಾಡ."

ನಾನು ಹಾಕಲಿಲ್ಲ. ಸಂತೆಗೆ ಹೋಗುವವರು, ಶಾಲೆ ಬಿಟ್ಟ ಮಕ್ಕಳು, ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತು ತಿರುಗುವ ಐಸಿನವನು, ಎಲ್ಲರೂ ಕುಡಿದರು. ಅವರ ಬೊಗಸೆಯಿಂದ ಸೋರಿದ್ದು, ಹರವಿಯ ಮೈಯಿಂದ ಇಳಿದದ್ದು ಕುಂಡಕ್ಕೆ. ಅರ್ಧ ಎಲೆ ಒಣಗಿದವು, ಅರ್ಧ ಉಳಿದವು. ಜೂನಿನಲ್ಲಿ ಮಳೆ ಬಿದ್ದ ಹತ್ತನೆಯ ದಿನ ಹಿತ್ತಲಿನ ಗೋಣಿಯನ್ನು ಎತ್ತಿ ನೋಡಿದೆ. ಕತ್ತಿಜರಿಯ ಹದಿನಾಲ್ಕು ಕುಂಡಗಳಲ್ಲಿ ಹನ್ನೊಂದರಲ್ಲಿ, ಮಗುವಿನ ಮುಷ್ಟಿಯಂತೆ ಬಿಗಿಯಾಗಿ ಸುತ್ತಿಕೊಂಡ ಹಸಿರು ಸುರುಳಿಗಳು ಮಣ್ಣಿನಿಂದ ತಲೆಯೆತ್ತಿದ್ದವು. ಉಳಿದವು ಹೋದವು. ಮತ್ತೆ ಇಪ್ಪತ್ತನ್ನು ಮಾಡುವ ಆಸೆಯನ್ನು ನಾನು ಇಟ್ಟುಕೊಳ್ಳಲಿಲ್ಲ. ಬರದ ವರ್ಷ ಮನೆ ಎಷ್ಟನ್ನು ಸಾಕಬಲ್ಲದೋ ಒಳ್ಳೆಯ ವರ್ಷದಲ್ಲಿಯೂ ಅಷ್ಟೇ ಇರಲಿ ಎಂದು ಹನ್ನೊಂದರಲ್ಲಿ ಏಳನ್ನು ಆ ಆಷಾಢದಲ್ಲಿ ಕೇಳಿದವರಿಗೆ ಕೊಟ್ಟುಬಿಟ್ಟೆ.

ಕೇಳಿದವರಲ್ಲಿ ಕಂಕುಳ ಕೂಸಿನ ತಾಯಿಯೂ ಒಬ್ಬಳು. ಕುಂಡ ಎತ್ತಿಕೊಂಡು ಹೊರಟವಳನ್ನು ಅತ್ತೆಯವರು ಜಗಲಿಯಿಂದಲೇ ತಡೆದು ನಿಲ್ಲಿಸಿದರು.

"ನಿಮ್ಮನ್ಯಾಗ ಹರವಿ ಐತೇನವ್ವ?"

"ಪ್ಲಾಸ್ಟಿಕ್ಕಿನ ಕೊಡ ಐತ್ರೀ, ಅಜ್ಜಿ."

"ಹಂಗಾದ್ರ ಮೊದಲು ಹರವಿ ತಗೋ. ಆಮ್ಯಾಲೆ ಇದನ್ನ ಒಯ್ಯಿ."

ಸೋಮವಾರದ ಸಂತೆಯಲ್ಲಿ ಆಕೆ ಹರವಿ ಕೊಂಡಳು. ಜರಿ ಈಗ ಅವರ ಮನೆಯಲ್ಲಿದೆ.